ತಾತನಿಗೆ ಸಿಗದ ಬಿಕಾಸ್

ಅಮ್ಮನ ಹೊಟ್ಟೆಯೊಳಗೆ ಬೆಚ್ಚಗೆ ಕೂತಿರುವ ನನ್ನ ಪುಟ್ಟ ಬಂಗಾರವೇ,

ನೀನು ಒದೆಯಲು ಶುರು ಮಾಡಿದ್ದೀಯಂತೆ. ಯಾಕೆ ಒದೆಯುತ್ತೀಯ ಎಂದು ನಿನ್ನ ತಾತ ನಿನ್ನೆಯಿಂದ ಎಲ್ಲರನ್ನೂ ಕೇಳುತ್ತಿದ್ದಾರೆ. ಕಾರಣ ಕೇಳುವ ಈ ಚಾಳಿ ಅವರ ಹುಟ್ಟುಗುಣವಲ್ಲ, ಅಂಟಿಸಿದವಳು ನಿನ್ನಮ್ಮ. ಆ ಚಾಳಿ ಈ ಮನೆಗೆ ಬಾರದೆ ಹೋಗಿದ್ದರೆ ನೀನೂ ಬರುತ್ತಿರಲಿಲ್ಲ. ಆ ಕಥೆಯನ್ನು ಈಗಲೇ ಬರೆದಿಡುತ್ತೇನೆ. ನೀನು ಬಂದ ಮೇಲೆ ತಾತ ತಮಗೆ ಬೇಕಾದ ಹಾಗೆ ತಿರುಚಿ ಹೇಳುತ್ತಾರೆ, ನನಗೆ ಗೊತ್ತು.

ನಮ್ಮದು ರೈಲ್ವೆ ಸ್ಟೇಷನ್ನಿನ ಎದುರು ಸೂಟ್‌ಕೇಸ್ ರಿಪೇರಿ ಅಂಗಡಿ. ಮುರಿದ ಹಿಡಿ, ಕಳಚಿದ ಗಾಲಿ, ಬಾಯಿಬಿಟ್ಟ ಜಿಪ್ಪು ಎಲ್ಲಕ್ಕೂ ತಾತನ ಕೈ ಚುರುಕು, ಬಾಯಿ ಮಾತ್ರ ಬಿಗಿ. ಹೊರದೇಶದ ಪ್ರವಾಸಿಗಳು ಬಂದರೆ ತಾತನ ಬಳಿ ಇದ್ದದ್ದು ಎರಡೇ ಮಾತು, 'ನೋ' ಮತ್ತು 'ಟುಮಾರೋ'. ಯಾಕೆ ನಾಳೆ ಎಂದು ಹೇಳುತ್ತಿರಲಿಲ್ಲ. ಬಂದವರು ಮುಖ ಊದಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲೂ ಅದೇ ರಾಗ, "ಬೇಡ ಅಂದ್ರೆ ಬೇಡ." ಕೊನೆಗೆ ನಾನೇ ಹಟ ಹಿಡಿದು, ಸಂಜೆ ಹೊತ್ತು ನಮ್ಮಿಬ್ಬರಿಗೂ ಇಂಗ್ಲಿಷ್ ಹೇಳಿಕೊಡಲು ಪಕ್ಕದ ಬೀದಿಯ ಟ್ಯೂಷನ್ ಟೀಚರನ್ನು ಕರೆಸಿದೆ. ಅವಳೇ ನಿನ್ನಮ್ಮ.

ಬಂದ ದಿನವೇ ಕಾನೂನು ಮಾಡಿದಳು. "ಏನೇ ಹೇಳಿ ಅಂಕಲ್, ಜೊತೆಗೊಂದು ಬಿಕಾಸ್ ಇರ್ಬೇಕು. ಬಿಕಾಸ್ ಇಲ್ಲದ ಮಾತು ಹಿಡಿ ಇಲ್ಲದ ಪೆಟ್ಟಿಗೆ." ಅಂಟು ಒಣಗಿಲ್ಲ, ಅದಕ್ಕೇ ನಾಳೆ ಬನ್ನಿ ಎನ್ನುವುದು ನಮ್ಮ ಕನ್ನಡದ ರೂಢಿ. ಇಂಗ್ಲಿಷಿನಲ್ಲಿ ನಾಳೆ ಬನ್ನಿ ಎಂದು ಮೊದಲು ಹೇಳಿ, ಬಿಕಾಸ್ ಸೇರಿಸಿ, ಅಂಟಿನ ಸುದ್ದಿಯನ್ನು ಆಮೇಲೆ ತೆಗೆಯಬಹುದು. ಬಿಕಾಸನ್ನು ಮುಂದಕ್ಕೂ ಇಡಬಹುದು, ಆದರೆ ಆಗ ನಡುವೆ 'ಸೋ' ಬರಬಾರದು. ತಾತ ಎರಡನ್ನೂ ಹಾಕದೆ ಬಿಡುವವರಲ್ಲ. 'ಬಿಕಾಸ್ ಗ್ಲೂ ವೆಟ್, ಸೋ ಟುಮಾರೋ.' "ಒಂದು ಪೆಟ್ಟಿಗೆಗೆ ಎರಡು ಬೀಗ ಯಾಕೆ ಅಂಕಲ್?" ಎಂದು ಅವಳು ತಿದ್ದುವುದು, ಅವರು ಮೂಗು ಮುರಿಯುವುದು, ನಾನು ನಗು ತಡೆಯಲಾರದೆ ಗಾಲಿಗಳ ಡಬ್ಬಿಯಲ್ಲಿ ಏನೋ ಹುಡುಕುವುದು. ನಿಜ ಹೇಳುತ್ತೇನೆ, ಅಂಥ ಸಂಜೆಗಳನ್ನು ಆ ಅಂಗಡಿ ಹಿಂದೆ ಕಂಡಿರಲಿಲ್ಲ.

ನಿನ್ನಪ್ಪ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಅಂಗಡಿ ಕಡೆ ತಲೆ ಹಾಕಿಯೂ ಮಲಗದವನು. ಪಾಠ ಶುರುವಾದದ್ದೇ ತಡ, ದಿನಾ ಬಂದು ಜಿಪ್ಪುಗಳಿಗೆ ಮೇಣ ಉಜ್ಜುತ್ತ ಕೂತ. "ಯಾಕೋ ಬಂದೆ?" ಎಂದೆ. "ಸುಮ್ನೆ" ಎಂದ. "ಬಿಕಾಸ್?" ಎಂದಳು ಟೀಚರ್. ಹುಡುಗನ ಕಿವಿ ಕೆಂಪಾಯಿತು. ಅವನು ಮೈಯೊಳಗಿನ ಮೂಳೆ ನೋಡುವವನಾದರೆ ನಾನು ಅವನ ಅಮ್ಮ, ನನಗೆ ಯಂತ್ರ ಬೇಕೆ?

ಮದುವೆ ಆಗುತ್ತೇವೆ ಎಂದು ಇಬ್ಬರೂ ಬಂದು ನಿಂತರು. ತಾತ ತಲೆ ಎತ್ತದೆ "ನೋ" ಎಂದರು. ನಿನ್ನಮ್ಮನ ಮುಖ ಬಿಳಿಚಿತು, ಆದರೂ ಮೆಲ್ಲಗೆ "ಬಿಕಾಸ್?" ಎಂದಳು. ತಾತ ಕೈಲಿದ್ದ ಗಾಲಿಯನ್ನು ಸುಮ್ಮನೆ ತಿರುಗಿಸುತ್ತ ಕೂತರು. "ಕಾರಣ ಸಿಕ್ಕಾಗ ಹೇಳಿ ಅಂಕಲ್. ಸರಿಯಾದ ಕಾರಣವಾದ್ರೆ ನಾನೇ ಹಿಂದೆ ಸರೀತೀನಿ" ಎಂದು ಹೊರಟುಹೋದಳು. ಜಿಪ್ಪು ಕೆಟ್ಟ ತನ್ನ ಚೀಲವನ್ನೂ ಬಿಟ್ಟು ಹೋದಳು.

ಆಮೇಲೆ ಶುರುವಾಯಿತು ನೋಡು ತಾತನ ಹುಡುಕಾಟ. "ತುಂಬಾ ಓದಿದವಳು" ಎಂದರು. "ಅದಕ್ಕೇ ತಾನೆ ಕರೆಸಿದ್ದು?" ಎಂದೆ. "ಮಾತು ಜಾಸ್ತಿ." "ಮಾತು ಕಲಿಸೋಕೆ ಬಂದವಳು ಮೂಕಿ ಆಗಿರ್ಬೇಕಿತ್ತಾ?" "ಹುಡುಗನಿಗಿಂತ ಎತ್ತರ." "ಒಳ್ಳೇದಾಯ್ತು, ಅಟ್ಟದ ಸಾಮಾನು ಇಳಿಸೋಕೆ ಏಣಿ ಬೇಕಾಗಲ್ಲ." ಕುಂಟು ನೆಪಗಳೆಲ್ಲ ಮುಗಿದು ಒಂದು ಮಧ್ಯಾಹ್ನ ನಿಜ ಹೊರಬಿತ್ತು. "ಲೇ, ಅವಳು ಸೊಸೆಯಾಗಿ ಬಂದ್ರೆ ಜೀವಮಾನ ಪೂರ್ತಿ ನನ್ನನ್ನ ತಿದ್ದುತ್ತಾಳೆ ಕಣೇ." ನನಗೆ ನಗುವೂ ಬಂತು, ಅಯ್ಯೋ ಎಂದೂ ಅನಿಸಿತು. ಇದನ್ನು ಕಾರಣವೆಂದು ಹೇಳುವ ಮುಖ ಅವರಿಗೂ ಇರಲಿಲ್ಲ. ಸಂಜೆಯಾಯಿತು. ಟೀಚರ್ ಕೂರುತ್ತಿದ್ದ ಸ್ಟೂಲನ್ನು ನೋಡುತ್ತ ಆ ಚೀಲಕ್ಕೆ ಹೊಸ ಜಿಪ್ಪು ಹಾಕಿದರು, ಎದ್ದರು, "ಬಾ" ಎಂದರು. ನಾನು ಯಾಕೆ ಎಂದು ಕೇಳಲಿಲ್ಲ.

ಟ್ಯೂಷನ್ ಕೋಣೆಯ ಬಾಗಿಲಲ್ಲಿ, ಬೆಂಚು ತುಂಬ ಕೂತ ಮಕ್ಕಳೆದುರು, ತಾತ ಚೀಲ ಮುಂದೆ ಹಿಡಿದು ನಿಂತರು. ಗಂಟಲು ಸರಿಮಾಡಿಕೊಂಡು ದೊಡ್ಡದಾಗಿ ಹೇಳಿದರು, "ಬಿಕಾಸ್ ಯು ನೋ ಕಮ್, ಸೋ ಶಾಪ್ ವೆರಿ ಸೈಲೆಂಟ್. ಸೋ ಯೆಸ್."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಪ್ಪು ಎಂದು ಕೈ ಎತ್ತಿದಳು. ನಿನ್ನಮ್ಮ ಕಣ್ಣೊರೆಸಿಕೊಂಡು, "ಕೈ ಇಳಿಸು ಪುಟ್ಟಿ, ಸರಿಯಾಗೇ ಇದೆ" ಎಂದಳು.

ಇವತ್ತಿಗೂ ತಾತ ಒಂದು ಪೆಟ್ಟಿಗೆಗೆ ಎರಡು ಬೀಗ ಹಾಕುತ್ತಾರೆ. ಗಿರಾಕಿಗಳು ನಗುತ್ತಲೇ ನಾಳೆ ಬರುತ್ತಾರೆ. ನಿನ್ನಮ್ಮ ನನ್ನನ್ನು ಬಿಡದೆ ತಿದ್ದುತ್ತಾಳೆ, ಅವರನ್ನು ಮಾತ್ರ ಇಲ್ಲ.

ಸುಖವಾಗಿ ಬಾ, ಕಂದ. ಯಾಕೆ ಯಾಕೆ ಎಂದು ಎಲ್ಲರ ಜೀವ ತಿನ್ನುವಷ್ಟು ಗಟ್ಟಿಯಾಗಿ ಬೆಳೆ. ಈ ಮನೆಯಲ್ಲಿ ಯಾರೂ ನಿನಗೆ 'ಬೇಡ ಅಂದ್ರೆ ಬೇಡ' ಎನ್ನುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ,
ಅಜ್ಜಿ