ಬೆನ್ನ ಮೇಲಿನ ತಾಳ

ರಿಕ್ಕರ್ಟನ್, ಕ್ರೈಸ್ಟ್‌ಚರ್ಚ್
೧೪ ಅಕ್ಟೋಬರ್ ೨೦೧೨

ಪ್ರೀತಿಯ ಮಾಸೂಮಾ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಹರಿದು ಹಾಕಬೇಕೆಂದು ನಿನಗೆ ಅನ್ನಿಸಿರುತ್ತದೆ. ಹರಿಯಬೇಡ. ಅಕ್ಸಾಳ ಕೈಗೂ ಕೊಡಬೇಡ. ನಿನ್ನ ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಬೈಯುವುದಿದ್ದರೂ ನೀನೇ ಪೂರ್ತಿ ಓದಿ ಬೈ.

ಕರೀಮ್‌ಭಾಯಿ ಇನ್ನಿಲ್ಲ ಎಂಬುದು ನನಗೆ ಗೊತ್ತಾದದ್ದು ಮೊನ್ನೆ ಶುಕ್ರವಾರ, ಅಕ್ಸಾ ಫೋನಿಗೆ ಕಳಿಸಿದ ಸಂದೇಶದಿಂದ. ಇಂಗ್ಲಿಷಿನಲ್ಲಿ ಬಹಳ ಸಭ್ಯವಾಗಿ ಬರೆದಿದ್ದಾಳೆ. ಅಮ್ಮಿ ಹೋದ ವಾರ ನಿಮಗೆ ಫೋನ್ ಮಾಡಿ ಅಬ್ಬಾ ತೀರಿಕೊಂಡ ಸುದ್ದಿ ಹೇಳಿದಳು, ನೀವು ನಕ್ಕಿರಿ, ಇನ್ನು ಮುಂದೆ ದಯವಿಟ್ಟು ಅವಳನ್ನು ಮಾತಾಡಿಸಬೇಡಿ ಆಂಟಿ, ಎಂದು. ಅಷ್ಟು ಸಿಟ್ಟಿನಲ್ಲೂ ಆಂಟಿ ಎನ್ನುವುದನ್ನು ಬಿಟ್ಟಿಲ್ಲ ನೋಡು. ನೀನು ಬೆಳೆಸಿದ ಮಗಳಲ್ಲವೇ.

ನಾನು ನಕ್ಕದ್ದು ಹೌದು. "ಭಾಳ ಛಲೋ ಆತು ಮಾಸೂಮಾ, ಇದನ್ನ ಕೇಳಾಕ ಎಷ್ಟು ದಿನದಿಂದ ಕಾದಿದ್ದೆ, ಸಿಹಿ ಮಾಡೂಣು" ಎಂದದ್ದೂ ಹೌದು. ಕಾರಣ ಹೇಳುತ್ತೇನೆ. ನಿನ್ನ ಫೋನ್ ಬಂದ ಹೊತ್ತಿಗೆ ಸರಿಯಾಗಿ ಇಲ್ಲಿ ಭೂಮಿ ನಡುಗಿತು. ಹೋದ ವರ್ಷದ ಆ ದೊಡ್ಡ ಕಂಪನದಿಂದ ಈಚೆಗೆ ಈ ಊರಿನ ನೆಲಕ್ಕೆ ಒಂದು ಗಳಿಗೆ ಸುಮ್ಮನಿರಲು ಬರುವುದಿಲ್ಲ. ಕಪಾಟಿನ ಬಾಗಿಲು ಬಡಿದುಕೊಂಡವು, ಒಲೆಯ ಮೇಲೆ ಕೆಟಲ್ ಕೂಗುತ್ತಿತ್ತು, ಲೈನು ಬೇರೆ ಕರಕರ ಎನ್ನುತ್ತಿತ್ತು. ನಿನ್ನ ಮಾತು ತುಂಡುತುಂಡಾಗಿ ಬಂತು. ಕಛೇರಿಯಲ್ಲಿ ನನ್ನೊಡನೆ ಹಾಡಲು ಒಪ್ಪಿಕೊಂಡೆ ಎಂದೇ ತಿಳಿದೆ. ಆ ಒಂದು ಉತ್ತರಕ್ಕೆ ತಾನೇ ನಾನು ಚಾತಕಪಕ್ಷಿಯಂತೆ ಕಾದಿದ್ದದ್ದು.

ಇಷ್ಟು ಬರೆದು ಎದ್ದು ಹೋಗಿ ಬಟ್ಟೆ ಒಣಹಾಕಿ ಬಂದೆ. ಮತ್ತೆ ಕುಳಿತೆ, ಮತ್ತೆ ಎದ್ದೆ. ಮಾಲ್‌ವರೆಗೆ ನಡೆದು, ಏನೂ ಕೊಳ್ಳದೆ ತಿರುಗಿ ಬಂದೆ. ಎರಡು ದಿನದಿಂದ ಇದೇ ಆಗಿದೆ. ಕುಳಿತರೆ ಕರೀಮ್‌ಭಾಯಿ ಕಣ್ಣ ಮುಂದೆ ಬರುತ್ತಾರೆ. ನಿನ್ನ ಗಂಡನಾಗುವ ಮೊದಲು ಅವರು ನನ್ನ ಹಮಾಲರು. ವೆಲಿಂಗ್ಟನ್ನಿನ ಆ ಗಾಳಿಯಲ್ಲಿ ನನ್ನ ಗಿಟಾರನ್ನು ಹೆಗಲಿಗೇರಿಸಿ ಕೆಲ್ಬರ್ನ್ ಗುಡ್ಡ ಹತ್ತುತ್ತಿದ್ದರು. ಗಿಟಾರಿಗಾಗಿ ಬರುತ್ತಾರೋ ನಿನಗಾಗಿ ಬರುತ್ತಾರೋ ಎಂದು ನಾನು ಕಾಡುತ್ತಿದ್ದೆ. ಗದಗಿನ ಹುಡುಗಿ ನೀನು ಕೆಂಪಾಗುತ್ತಿದ್ದೆ. ಈಗ ಆ ಹೆಗಲು ಇಲ್ಲ ಎನ್ನುವುದನ್ನು ಹೇಗೆ ನಂಬಲಿ? ಮಣ್ಣಿಗೆ ಬರಲಿಲ್ಲ ನಾನು. ಅದರ ನೋವು ನನಗೆ ಸಾಯುವ ತನಕ ಇರುತ್ತದೆ.

ಕಛೇರಿಯ ವಿಷಯ ಬರೆಯಲು ಇದು ಹೊತ್ತಲ್ಲ, ಆದರೂ ಕೈ ಅಲ್ಲಿಗೇ ಓಡುತ್ತದೆ. ಲೋಹಿತ್ ಗೊತ್ತಲ್ಲ, ವೆಲಿಂಗ್ಟನ್ನಿನ ರೇಡಿಯೋದಲ್ಲಿರುವ ಮೈಸೂರಿನ ಹುಡುಗ, ಅವನಿಗೆ ಯಾವುದೋ ಹಳೆ ಸಾಮಾನಿನ ಅಂಗಡಿಯಲ್ಲಿ ನಮ್ಮ ರೆಕಾರ್ಡು ಸಿಕ್ಕಿದ್ದೇ ಈ ಎಲ್ಲಕ್ಕೂ ಮೂಲ. ಅದನ್ನು ಮತ್ತೆ ಅಚ್ಚು ಹಾಕಿಸುತ್ತಾನಂತೆ, ಬಿಡುಗಡೆಯ ದಿನಕ್ಕೇ ಈ ಕಛೇರಿ. ಅದರೊಳಗಿಡುವ ಪುಸ್ತಿಕೆಗೆ ನನ್ನ ಬದುಕಿನ ಕಥೆ ಬರೆದುಕೊಡಿ ಎಂದು ದುಂಬಾಲು ಬಿದ್ದ. ನ್ಯೂಜಿಲೆಂಡಿನಲ್ಲಿ ಬ್ರೆಜಿಲಿನ ಬೊಸಾ ನೋವಾ ಸಂಗೀತ ನುಡಿಸಿದ ಮೊದಲಿಗಳು ನಾನೇ ಎಂದು ಅವನ ವಾದ. ಮೊದಲಿಗಳೋ ಮೂರನೆಯವಳೋ ಯಾರು ಕಂಡರು. ನಾವು ನುಡಿಸಿದಾಗ ನಮಗೆ ಅದರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ.

ಬರೆದುಕೊಟ್ಟೆ. ಹುಬ್ಬಳ್ಳಿಯ ರೈಲ್ವೆ ಕಾಲೊನಿ, ಪಕ್ಕದ ಮನೆಯ ಆಂಗ್ಲೋ-ಇಂಡಿಯನ್ ಗಾರ್ಡ್ ಸಾಹೇಬರ ಹೆಂಡತಿ ನನಗೆ ಗಿಟಾರ್ ಕಲಿಸಿದ್ದು, ಅಪ್ಪ ಅದನ್ನು ಕಂಡು ವೀಣೆಗೆ ಬಂದ ಗತಿ ನೋಡು ಎಂದು ಹಣೆ ಚಚ್ಚಿಕೊಂಡದ್ದು. ಕೊಲಂಬೊ ಯೋಜನೆಯ ವಿದ್ಯಾರ್ಥಿವೇತನದಲ್ಲಿ ವೆಲಿಂಗ್ಟನ್ನಿಗೆ ಶಿಕ್ಷಕಿಯ ತರಬೇತಿಗೆ ಬಂದದ್ದು. ಬಂದರಿಗೆ ಬಂದ ಹಡಗಿನ ಅಡುಗೆಯವನೊಬ್ಬ ಕಾಫಿ ಮನೆಯಲ್ಲಿ ಬಿಟ್ಟುಹೋದ ಬ್ರೆಜಿಲಿನ ರೆಕಾರ್ಡು. ಅದನ್ನು ಕೇಳಿ ನಾನು ಮೂರು ದಿನ ಊಟ ಮರೆತದ್ದು. ಆಮೇಲೆ ಸಿಡ್ನಿ, ಪ್ರವಾಸಿ ಹಡಗುಗಳು, ರೇಡಿಯೋ, ಈ ಊರಿನ ಹೋಟೆಲಿನಲ್ಲಿ ವರ್ಷಗಟ್ಟಲೆ ಶನಿವಾರದ ಸಂಜೆ. ಮದುವೆಯಾಗಲಿಲ್ಲವೇಕೆ ಎಂದು ಲೋಹಿತ್ ಕೇಳಿದ. ವಿಜಯಾ ಗಿಟಾರಿನ ಕೈಯಲ್ಲೇ ತಾಳಿ ಕಟ್ಟಿಸಿಕೊಂಡಾಳ ಎಂದು ಕರೀಮ್‌ಭಾಯಿ ಹೇಳುತ್ತಿದ್ದ ಮಾತನ್ನೇ ಹೇಳಿದೆ. ಅವನು ಅದನ್ನೂ ಬರೆದುಕೊಂಡ, ಪುಣ್ಯಾತ್ಮ.

ಆದರೆ ಒಂದು ವಿಷಯ ಅವನಿಗೆ ಬಿಡಿಸಿ ಹೇಳಲಾಗಲಿಲ್ಲ. ಇಷ್ಟು ಮೆಲ್ಲಗೆ, ಪಿಸುಮಾತಿನಷ್ಟೇ ದನಿಯಲ್ಲಿ ಹಾಡುವ ಧೈರ್ಯ ನಿಮಗೆ ಹೇಗೆ ಬಂತು ಎಂದು ಕೇಳಿದ. ಧೈರ್ಯವೆಲ್ಲಿಯದು! ನಾವಿಬ್ಬರೂ ಇದ್ದ ಬಾಡಿಗೆ ಕೋಣೆಯ ಕೆಳಗಿನ ಮನೆಯೊಡತಿ ಕಸಬರಿಗೆಯ ಹಿಡಿಯಿಂದ ಕುಟ್ಟುತ್ತಿದ್ದ ಹೆದರಿಕೆ. "ಸಣ್ಣಗ ಹಾಡವಾ, ಕೆಳಗ ಮುದುಕಿ ಎದ್ದಾಳು" ಎಂದು ನಾನು, "ನೀ ಮದಲ ಆ ಡಬ್ಬಿ ಬಡಿಯೂದು ಬಿಡು" ಎಂದು ನೀನು. ಕಡೆಗೆ ತಂತಿಗಳ ಕೆಳಗೆ ಟವೆಲ್ ತುರುಕಿ ನುಡಿಸಿದೆವಲ್ಲ. ದನಿಯೇ ಇಲ್ಲದ ಗಿಟಾರು. ನಾನು ಮಂಚದ ತುದಿಗೆ ಕಿಟಕಿಯ ಕಡೆ ಮುಖ ಮಾಡಿ ಕೂರುವುದು, ನೀನು ಹಿಂದೆ ಕುಳಿತು ನನಗೆ ಜಡೆ ಹಾಕುತ್ತಾ ಬೆನ್ನ ಮೇಲೆ ತಾಳ ತಟ್ಟುವುದು. ಸಂತೆಗೆ ಹೊರಟ ತಾಯಿ ಒಂದೇ ನಡಿಗೆಯಲ್ಲಿ ಹೋಗುತ್ತಿದ್ದರೆ ಮಕ್ಕಳು ಮುಂದೆ ಓಡುತ್ತಾ ಹಿಂದೆ ಉಳಿಯುತ್ತಾ ಬರುವ ಹಾಗೆ, ಹೆಬ್ಬೆರಳು ಒಂದೇ ಸಮ, ಉಳಿದ ಬೆರಳು ಹಿಂದುಮುಂದು. ಆ ಹೆಬ್ಬೆರಳಿನ ನಡಿಗೆ ನನಗೆ ಬಂದದ್ದು ನಿನ್ನ ಅಂಗೈಯಿಂದ. ಒಂದು ಸದ್ದೂ ಕೇಳಿಸದೆ ಇಡೀ ಹಾಡು ಮುಗಿಸುತ್ತಿದ್ದೆವು.

ನಮ್ಮ ಸೀರೆಯ ಹಾಡು ಹುಟ್ಟಿದ್ದೂ ಹಾಗೆಯೇ. ಒಣಹಾಕಿದ ನಿನ್ನ ಹಸಿರು ಸೀರೆಯನ್ನು ಗಾಳಿ ಬಂದರಿನ ಕಡೆಗೆ ಹಾರಿಸಿಕೊಂಡು ಹೋದಾಗ ನೀನು ಅಳುವುದು ಬಿಟ್ಟು "ಗಾಳಿ ಒಯ್ದ ಸೀರಿ, ಕೇಳಲಿಲ್ಲ ದಾರಿ" ಎಂದು ಕಟ್ಟಿದೆ. ಬ್ರೆಜಿಲಿನ ನಡಿಗೆ, ಗದಗಿನ ಮಾತು. ಕಾಫಿ ಮನೆಯಲ್ಲಿ ಅದನ್ನು ಹಾಡಿದಾಗ ಅರ್ಥ ತಿಳಿದವರು ಕರೀಮ್‌ಭಾಯಿ ಒಬ್ಬರೇ, ಅವರೊಬ್ಬರೇ ಕಣ್ಣೊರೆಸಿಕೊಂಡರು. ಆ ಒಂದು ರೆಕಾರ್ಡು ಆಗಿ, ಕಾಫಿ ಮನೆಗೂ ಮೈಕ್ ಬಂದ ಮೇಲೆ ನೀನು ಹಾಡುವುದನ್ನು ಬಿಟ್ಟೆ. ಈ ಹಾಡು ಒಬ್ಬರ ಕಿವಿಗೆ ಹೇಳುವಂಥದ್ದು, ಸಂತೆಗಲ್ಲ ಎಂದೆ. ವೆಲಿಂಗ್ಟನ್ನಿನ ಪಕ್ಕದ ಪೊರಿರುವಾಕ್ಕೆ ಹೋಗಿ ಶಾಲೆಯಲ್ಲಿ ಮಕ್ಕಳಿಗೆ ಪಾಠ, ಸಂಜೆ ಕರೀಮ್‌ಭಾಯಿಯ ಡೈರಿ ಅಂಗಡಿಯಲ್ಲಿ ಬ್ರೆಡ್ಡು ಹಾಲು ಮಾರಾಟ. ನಾನು ಬಂದಾಗಲೆಲ್ಲ ಅವರು ಗಲ್ಲಾದ ಹಲಗೆಯ ಮೇಲೆ ಅದೇ ತಾಳ ತಟ್ಟಿ, "ಒಂದಾದ್ರೂ ಹಾಡ್ರಿ, ಗಿರಾಕಿ ಯಾರೂ ಇಲ್ಲ" ಎನ್ನುತ್ತಿದ್ದರು. ನೀನು ಅವರಿಗಾಗಿ ಹಾಡುತ್ತಿದ್ದೆ. ನನಗಾಗಿ ಹಾಡು ಎಂದು ಕೇಳಿದರೆ ಮಾತ್ರ ನಿನ್ನದು ಬಿಗುಮಾನ.

ಪಾಠ ಹೇಳುವುದನ್ನು ಈ ಚಳಿಗಾಲದಿಂದ ಬಿಟ್ಟಿದ್ದೇನೆ. ಈಗಿನ ಮಕ್ಕಳಿಗೆ ಶ್ರದ್ಧೆ ಇಲ್ಲ, ಬಾಯಿಯೊಳಗೇ ಮಾತಾಡುತ್ತವೆ. ಗಿಟಾರನ್ನು ಗೋಡೆಗೆ ತೂಗುಹಾಕಿದ್ದೇನೆ. ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರೆ ಭೂಮಿ ನಡುಗುವುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ.

ಹೋದ ಭಾನುವಾರ ತಾಲೀಮು ಇತ್ತು. ಪೇಟೆಯ ಸಭಾಂಗಣಗಳೆಲ್ಲ ಬಿದ್ದಿವೆಯಲ್ಲ, ಹಾರ್ನ್‌ಬಿಯ ಒಂದು ಗೋದಾಮಿನ ಹಿಂದಿನ ಕೋಣೆಯಲ್ಲಿ ಸೇರಿದೆವು. ಲೋಹಿತ್ ಇಬ್ಬರು ಹುಡುಗರನ್ನು ಕರೆತಂದಿದ್ದ, ಒಬ್ಬ ಡ್ರಮ್ಮಿಗೆ, ಒಬ್ಬ ದೊಡ್ಡ ಪಿಟೀಲಿಗೆ. ಅರ್ಧ ಹಾಡಿಗೇ ಲೋಹಿತ್ ನನ್ನ ಮುಂದೆ ಬಂದು ನಿಂತು ಅಂಗೈಯನ್ನು ಕೆಳಗೆ ಕೆಳಗೆ ಇಳಿಸಿದ. ಮೆಲ್ಲಗೆ ನುಡಿಸಬೇಕಂತೆ. ನನಗೆ! ಆ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಅಲ್ಲೇ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ತಲೆನೋವು ಎಂದು ಹೇಳಿ ಎದ್ದು ಬಂದೆ. ಅವನು ಕಾರಿನ ತನಕ ಏನೋ ಹೇಳುತ್ತಾ ಬಂದ. ಪಾಪ, ಒಳ್ಳೆಯ ಹುಡುಗ. ನನ್ನ ಮೂಗಿನ ತುದಿಯ ಸಿಟ್ಟು ನಿನಗೆ ಹೊಸದಲ್ಲವಲ್ಲ.

ಅದಕ್ಕೇ ನೀನು ಬೇಕು ಎಂದು ಹಟ ಹಿಡಿದದ್ದು. ಸೀರೆಯ ಹಾಡನ್ನು ಬೇರೆ ಯಾರ ಜೊತೆಗೂ ನುಡಿಸಲಾರೆ. ಆದರೆ ಈಗ ನೀನು ಇದ್ದತ್‌ನಲ್ಲಿದ್ದೀಯ. ಗಂಡ ಹೋದ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ ಎಂದು ನಿನ್ನ ಮಾವ ಹೋಗಿ ಅತ್ತೆ ಕೂತಾಗಿನಿಂದಲೂ ನನಗೆ ಗೊತ್ತು. ಕಛೇರಿ ಮುಂದಿನ ತಿಂಗಳು. ಇನ್ನು ಅದರ ಮಾತೆತ್ತುವುದಿಲ್ಲ.

ಕೇಳುವುದು ಒಂದೇ. ಅವತ್ತು ನಾನು ನಕ್ಕದ್ದು ಲೈನು ಕೆಟ್ಟದ್ದರಿಂದ ಎಂದು ನಂಬು. ಮಾಫಿ ಕೊಟ್ಟೆ ಎಂದು ಒಂದು ಸಾಲು ಬರೆದು ಹಾಕು. ನಲವತ್ತು ವರ್ಷದಿಂದ ನಿನ್ನ ಮನೆಯ ಸುಖಕ್ಕೂ ದುಃಖಕ್ಕೂ ಬಂದವಳು ನಾನು. ಈ ಒಂದಕ್ಕೆ ಹೊರಗೆ ನಿಲ್ಲಿಸಬೇಡ. ಫೋನ್ ಬೇಡ, ಬರೆ. ಫೋನು ಹಾಳು ಯಂತ್ರ.

ಅಕ್ಸಾಳಿಗೆ ನನ್ನ ಪ್ರೀತಿ, ಅವಳಿಗೆ ಬೇಡವಾಗಿದ್ದರೂ.

ಎಂದಿಗೂ ನಿನ್ನವಳೇ ಆದ,
ವಿಜಯಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಅಂಚೆ ಡಬ್ಬಿಯವರೆಗೆ ಹೋಗಿ ತಿರುಗಿ ಬಂದು ಒಡೆದಿದ್ದೇನೆ. ಮಾಸೂಮಾ, ಅವತ್ತು ಭೂಮಿ ನಡುಗಿರಲಿಲ್ಲ. ಲೈನು ಚೆನ್ನಾಗಿಯೇ ಇದ್ದಿರಬೇಕು. ಕೆಟಲ್ ಕೂಗಿತೋ ಇಲ್ಲವೋ ನನಗೆ ತಿಳಿಯದು, ಅದು ಕೂಗಿದ್ದನ್ನು ನಾನು ಕೇಳಿ ವರ್ಷವಾಯಿತು. ನನಗೆ ಕಿವಿ ಕೇಳಿಸುವುದಿಲ್ಲ. ಯಂತ್ರ ಹಾಕಿಕೊಂಡರೆ ಬರೀ ಗುಂಯ್ ಎನ್ನುತ್ತದೆ. ಇದನ್ನು ಡಾಕ್ಟರನ್ನು ಬಿಟ್ಟು ಯಾರಿಗೂ ಹೇಳಿಲ್ಲ. ಹೇಳಿದರೆ ನನ್ನನ್ನು ವೇದಿಕೆಗೆ ಯಾರು ಹತ್ತಿಸುತ್ತಾರೆ ಎಂಬ ಭಯ. ಲೋಹಿತ್ ಕೈ ಇಳಿಸಿದಾಗ ಅವನ ಮೇಲೆ ಬಂದದ್ದು ಸಿಟ್ಟಲ್ಲ, ನಾಚಿಕೆ. ನನ್ನ ಹಿಂದೆ ಕುಳಿತು ಬೆನ್ನು ತಟ್ಟುವ ಕೈ ಇದ್ದರೆ ಕೇಳಿಸದೆಯೂ ನುಡಿಸಬಲ್ಲೆ ಎಂದು ನಿನ್ನನ್ನು ಕರೆದೆ. ನಿನಗೂ ಕಾರಣ ಹೇಳದೆ ಕರೆದೆ.

ಅವತ್ತು ಫೋನಿನ ಮೇಲೆ ನಿನ್ನ ಹೆಸರು ಕಂಡಿತು. ಎತ್ತಬಾರದಿತ್ತು. ಆಸೆಗೆ ಎತ್ತಿದೆ. ನಿನ್ನ ದನಿ ದೂರದ ರೈಲಿನ ಹಾಗೆ ಬಂದು ನಿಂತು ನಿಂತು ಹೋಯಿತು. ಬಿಗುಮಾನ ಬಿಟ್ಟು ಒಪ್ಪಿಕೊಳ್ಳುತ್ತಿದ್ದಾಳೆ ಎಂದು ಹಿಗ್ಗಿದೆ. ನೀನು ಅಳುತ್ತಿದ್ದೆ.

ಲೋಹಿತ್‌ಗೆ ನಾಳೆ ನಿಜ ತಿಳಿಸುತ್ತೇನೆ. ಕಛೇರಿ ಹೋದರೆ ಹೋಗಲಿ. ನಿನಗೆ ಹೊಸ್ತಿಲು ದಾಟುವಂತಿಲ್ಲ, ನನಗೆ ಉಂಟಲ್ಲ. ಮುಂದಿನ ಭಾನುವಾರ ಕಡಲು ದಾಟುವ ಫೆರ್ರಿ ಹಡಗಿನಲ್ಲಿ ಬರುತ್ತಿದ್ದೇನೆ, ಗಿಟಾರ್ ಇಲ್ಲದೆ. ಅಕ್ಸಾ ಬಾಗಿಲಲ್ಲಿ ಬೈದರೆ ಬೈಯಲಿ, ನನಗೇನು ಕೇಳಿಸುತ್ತದೆ? ಒಳಗೆ ಬಂದು ನಿನ್ನ ಮಂಚದ ತುದಿಗೆ ಬೆನ್ನು ಮಾಡಿ ಕೂರುತ್ತೇನೆ. ಗುದ್ದಬೇಕೆನಿಸಿದರೆ ಗುದ್ದು. ಆಮೇಲೆ ಕೈ ಅಲ್ಲೇ ಇಟ್ಟು, ಕರೀಮ್‌ಭಾಯಿ ಹೋದ ಸುದ್ದಿಯನ್ನು ನನಗೆ ಇನ್ನೊಮ್ಮೆ ಹೇಳು.