ಸೂಜಿ ಮದ್ದಿಗೂ ಗುಡ್ಡೆ ಹಾಕಿದೆಯಲ್ಲ ಬಾವ

ಬಾವ ನಿಂಗಣ್ಣನಿಗೆ,

ಕಂಪಲಾಪುರದಿಂದ ನಿನ್ನ ಬಾಮೈದ ಬರೆಯೋದು. ಚೆನ್ನಾಗಿದ್ದೀಯಾ ಅಂತ ಕೇಳಲ್ಲ. ಚೆನ್ನಾಗಿರೋ ಬುದ್ಧಿ ಇದ್ದಿದ್ದರೆ ನೀನು ಇಲ್ಲೇ ಇರುತ್ತಿದ್ದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಅದು ಇಳಿಯೋ ಜಾತಿದಲ್ಲ.

ನಮ್ಮಕ್ಕನ್ನ ನಿನಗೆ ಕೊಟ್ಟ ದಿವಸ ಅಪ್ಪ ನನ್ನ ಕಿವಿ ಹಿಡಿದು, "ಇನ್ಮೇಲೆ ನಿಂಗಣ್ಣನ್ನ ನೀವು ಅನ್ಬೇಕು ಕಣ್ಲಾ" ಅಂದಿದ್ದರು. ಹೊಗೆಸೊಪ್ಪು ಬೇಯಿಸೋ ಒಂದೇ ಬ್ಯಾರನ್ನಿನ ಒಲೆಗೆ ಸೌದೆ ಹಾಕಿ, ಸೊಪ್ಪು ಹದ ಮಾಡಿ, ಒಂದೇ ಕಂಬಳಿಯೊಳಗೆ ಕೆಮ್ಮಿದವರು ನಾವು. ನೀವು ಅನ್ನೋದು ಬಾಯಿಗೆ ಬರಲೇ ಇಲ್ಲ. ನನ್ನ ಕೆಮ್ಮು ಹೋಯಿತು, ನಿನ್ನದು ಉಳಿಯಿತು. ಮಲಗಿದರೆ ನಿನ್ನ ಎದೆ ಸೀಟಿ ಊದುತ್ತಿತ್ತು. "ಇವರು ಪಕ್ಕದಲ್ಲಿದ್ರೆ ಕೋಟೆ ಬಸ್ಸು ದಿಣ್ಣೆ ಹತ್ತಿದಂಗೆ" ಅಂತ ಅಕ್ಕ ನಗುತ್ತಿದ್ದಳು. "ಸುಮ್ನಿರೇ ಸಾಕಿ" ಅನ್ನುತ್ತಿದ್ದೆ ನೀನು. ಊರ ಮುಂದೆ ಸಾಕಮ್ಮ, ಮನೆಯೊಳಗೆ ಮಾತ್ರ ಸಾಕಿ.

ಹಬ್ಬಕ್ಕೆ ಮರಿ ಕುಯ್ದಾಗ ನಿನ್ನ ನೋಡಬೇಕಿತ್ತು. ಎಲೆ ಹಾಸಿ ಮನೆಗೊಂದು ಗುಡ್ಡೆ. ಎಲ್ಲಾ ಗುಡ್ಡೆಗೂ ಇಷ್ಟು ಈಲಿ, ಇಷ್ಟು ಮೂಳೆ, ಇಷ್ಟು ಕೊಬ್ಬು. ಪಾಲು ಹಾಕಿದವನು ಕೊನೆಗೆ ಉಳಿದಿದ್ದನ್ನ ಎತ್ತಬೇಕು ಅನ್ನೋದು ನಿಮ್ಮೂರ ಕಟ್ಟು. ಆಗ ಮೋಸ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ. ಬಾಡಿನ ಪಾಲಿಗೆ ಅದು ಸರಿ ಬಾವ. ಬರೀ ಮೂಳೆ ಉಳಿದರೂ ಸಾರಾಗುತ್ತೆ. ಆದರೆ...

ಹೋದ ವರ್ಷ ಆ ನರ್ಸಮ್ಮ ಐಸ್ ಡಬ್ಬ ಹಿಡಿದು ಬಂದ ದಿವಸ ನಾನು ನಿಮ್ಮನೇಲೇ ಇದ್ದೆ. "ಫ್ಲೂ ಜ್ವರದ ಲಸಿಕೆ. ಬಂದಿರೋದು ಕಮ್ಮಿ. ವಯಸ್ಸಾದೋರು, ಎದೆ ಕಾಯಿಲೆ ಇರೋರು ಮೊದಲು ಬನ್ನಿ" ಅಂದಳು. ಅಷ್ಟೇ ಸಾಕಾಯಿತು. "ನಮ್ಮವ್ವಂಗೂ ವಯಸ್ಸಾಗೈತೆ", "ನಂಗೂ ಎದೆ ನೋಯ್ತದೆ" ಅಂತ ಊರೆಲ್ಲಾ ಎಗರಾಡಿತು. ಆಗ ನೀನು ಜಗಲಿಯಿಂದ ಎದ್ದೆ. "ಮನೆಗೊಂದು ಕಣ್ರಲಾ. ಯಾರಿಗೆ ಅಂತ ಆಯಾ ಮನೆಯೋರೇ ನೋಡ್ಕಳಿ." ಎಲ್ಲರೂ ತಣ್ಣಗಾದರು. "ಅಂಗಲ್ಲ ಯಜಮಾನ್ರೇ" ಅಂದಳು ನರ್ಸಮ್ಮ. ಕೇಳೋರು ಯಾರು? ನಾನು ಬಾಯಿ ಹಾಕಿದೆ: "ಈ ಮನುಷ್ಯನ ಎದೆ ಸೀಟಿ ನಿಮ್ಮ ಕಿವಿಗೆ ಬೀಳಲ್ವಾ? ಮೊದಲು ಇವನಿಗೆ ಹಾಕಿ." "ನೆಂಟರು ಉಂಡ್ಕಂಡು ಹೊರಡಿ ಸ್ವಾಮಿ, ನಮ್ಮೂರ ಪಾಲಿಗೆ ಬರಬ್ಯಾಡಿ" ಅಂದ ಒಬ್ಬ. ನೀನೂ ನಕ್ಕೆಯಲ್ಲ! ಆ ನಗು ಇವತ್ತಿಗೂ...

ಟ್ರ್ಯಾಕ್ಟರ್ ಸೋಮನ ಮನೆ ಸರದಿ ಬಂದಿದ್ದು ನೆನಪಿದೆಯಾ? ಅವರಪ್ಪ ಸೂಜಿ ಕಂಡು ಹಿತ್ತಲಿಗೆ ಓಡಿದ. ಮನೆ ಪಾಲು ಹಾಳಾಗಬಾರದು ಅಂತ ಎತ್ತಿನಂಥ ಸೋಮ ತೋಳು ಕೊಟ್ಟ. "ಮೆಲ್ಲಗೆ ಕಣವ್ವ, ಸೂಜಿ ಮುರಿದೋದಾತು" ಅಂತ ಯಾರೋ ಗೇಲಿ ಮಾಡಿದರು. ಕೊನೆಗೆ ನೀನು ಅಂಗಿ ತೋಳು ಮಡಚಿಕೊಂಡು ಬಂದಾಗ ಡಬ್ಬ ಖಾಲಿ. ನರ್ಸಮ್ಮ ತಲೆ ಬಗ್ಗಿಸಿದಳು. "ಆಯ್ತು ಬುಡವ್ವ" ಅಂದೆ. ಏನು ಆಯ್ತು? ಮುಂದಿನ ಡಬ್ಬ ಬರೋವರೆಗೂ ಜ್ವರ ನಿನಗೋಸ್ಕರ ಕಾಯುತ್ತಾ?

ಚಳಿಗಾಲದಲ್ಲಿ ಅದೇ ಜ್ವರ ಬಂದಾಗ ನಿನ್ನನ್ನ ಕಾರಿಗೆ ಎತ್ತಿ ಹಾಕಿದವನು ಅದೇ ಸೋಮ. ಸೊಪ್ಪಿನ ಬೇಲು ಎತ್ತಿದಂಗೆ ಎತ್ತಿದ. ಎತ್ತೋಕೆ ಶಕ್ತಿ ಬೇಕಿತ್ತಲ್ಲ, ಅದಕ್ಕೇ ಅವನಿಗೆ ಬಿಟ್ಟುಕೊಟ್ಟಿದ್ದೆಯೇನೋ! ಮೈಸೂರು ಆಸ್ಪತ್ರೆಯಲ್ಲಿ ನಿನ್ನ ಮೂಗಿಗೆ ಪೈಪು. "ಅಕ್ಕನಿಗೆ ಏನಾದರೂ ಹೇಳ್ಬೇಕಾ?" ಅಂತ ಬಗ್ಗಿ ಕೇಳಿದೆ. "ಆಯ್ತು ಬುಡು" ಅಂದು ನೀನು ಕಣ್ಣು ಮುಚ್ಚಿದೆ. ಆಮೇಲೆ ಬಿಡಲಿಲ್ಲ. ತಿಥಿ ದಿವಸ ನಿಮ್ಮೂರೋರು "ಎಂಥಾ ನ್ಯಾಯವಂತ" ಅಂದ್ಕೊಂಡು ಉಂಡರು. ನಾನು ಎಲೆ ಬಿಟ್ಟು ಎದ್ದೆ.

ಮೊನ್ನೆ ನಾನು ಅಕ್ಕನ ಮನೇಲಿದ್ದಾಗ ಅದೇ ನರ್ಸಮ್ಮ ಮತ್ತೆ ಬಂದಳು. ಈ ಸಲವೂ ಕಮ್ಮಿ. "ನಿಂಗಣ್ಣ ಹಾಕಿದಂಗೇ ಪಾಲು" ಅಂತ ಊರೋರು ಆಗಲೇ ತೀರ್ಮಾನ ಮಾಡಿದ್ದರು. ಈಗ ಅಕ್ಕನ ಎದೆಯೂ ಸೀಟಿ ಊದುತ್ತೆ ಬಾವ. ಜೀವಮಾನವೆಲ್ಲಾ ಹೊಗೆಸೊಪ್ಪನ್ನ ಕಡ್ಡಿಗೆ ಕಟ್ಟಿದವಳು, ಆ ಧೂಳು ಎಲ್ಲಿ ಹೋಗುತ್ತೆ? "ಇದು ಬಾಡಲ್ಲ ಕಣ್ರಲಾ, ಉಸಿರು!" ಅಂತ ಕಿರುಚಿದೆ. ಸೋಮನೇ ಕುರ್ಚಿ ತಂದು, "ಮೊದಲು ಸಾಕಮ್ಮಕ್ಕ ಕುಂತ್ಕಳಿ" ಅಂದ. ಯಾರೂ ಎದುರಾಡಲಿಲ್ಲ. ಅಕ್ಕನೇ ಕೂರಲಿಲ್ಲ! "ಅವರು ಕೊನೇಲಿ ಎತ್ತೋರು. ನಾನು ಮೊದಲು ಕುಂತ್ರೆ ಅವರ ಮಾತು ಏನಾಯ್ತದೆ?" ಅಂತ ಜಗಲಿ ಕಂಬ ಹಿಡಿದು ನಿಂತಳು. ಸತ್ತ ಮೇಲೂ ಅವಳನ್ನ ಸರದಿಯ ಕೊನೆಗೆ ನಿಲ್ಲಿಸಿದ್ದೆಯಲ್ಲ ನೀನು.

ಆಗ ನಾನು ಸುಳ್ಳು ಹೇಳಿದೆ. "ಆಸ್ಪತ್ರೇಲಿ ಬಾವನೇ ಹೇಳಿದ್ದ ಕಣಕ್ಕ. ಪಾಲು ಹಾಕಿದ್ದು ತಪ್ಪಾಯ್ತು, ಇನ್ನೊಂದು ಸಲ ಬಂದ್ರೆ ಸಾಕಿಗೆ ಮೊದಲು ಹಾಕ್ಸು ಅಂತ."

ಅಕ್ಕ ನನ್ನ ಮುಖವನ್ನೇ ನೋಡಿದಳು. "ಸಾಕಿ ಅಂದ್ರಾ?"

"ಹೂಂ."

ಸೆರಗು ಸರಿಸಿ, ತೋಳು ಚಾಚಿ ಕೂತಳು. ಸೂಜಿ ಚುಚ್ಚೋ ಮುಂಚೆಯೇ ಅಳುತ್ತಿದ್ದಳು.

ನೀನು ಹಂಗೆ ಹೇಳಲಿಲ್ಲ. ಹೇಳಬೇಕಿತ್ತು. ಅಕ್ಕ ಅಲ್ಲಿಗೆ ಬರೋದು ತಡವಾಗುತ್ತೆ, ಅದನ್ನ ನಾನು ನೋಡ್ಕೋತೀನಿ. ಬಂದ ದಿವಸ ಮೊದಲು ಇದನ್ನೇ ಕೇಳ್ತಾಳೆ. ಅಲ್ಲೂ ನಿನ್ನ ನ್ಯಾಯ ತೆಗೀಬೇಡ. "ಹೂಂ ಕಣೇ ಸಾಕಿ, ಹೇಳಿದ್ದೆ" ಅಂದುಬುಡು.

ನಿನ್ನ ಬಾಮೈದ,
ಚಿಕ್ಕೇಗೌಡ