ನಮ್ಮವರು ಓದಿ ಹೇಳಿದ ಕೊರಿಯಾ

ಹೊಸಪೇಟೆ
೨೪ ಅಕ್ಟೋಬರ್ ೨೦೦೭

ಪ್ರೀತಿಯ ಗಂಗಾ,

ನಿನ್ನ ಎರಡೂ ಕಾಗದಗಳು ಬಂದಿವೆ. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಕೆಂದಿದ್ದರೆ ಬೈ, ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಕಾಯಿಲೆ ಬಿದ್ದಿರಲಿಲ್ಲ, ಯಾತ್ರೆಗೂ ಹೋಗಿರಲಿಲ್ಲ. ಶ್ರಾವಣದಿಂದೀಚೆಗೆ ನಾನು ಕೊರಿಯಾದಲ್ಲಿದ್ದೆ. ಇದನ್ನೇ ಫೋನಿನಲ್ಲಿ ಹೇಳಹೋದರೆ ನೀನು "ಕೊರಿಯರ್ರಾ? ನಮಗ ಯಾವ್ದೂ ಬಂದಿಲ್ಲಲೇ" ಅಂದೆ. ನಿನ್ನ ಕಿವಿಯ ಯಂತ್ರಕ್ಕೂ ನನ್ನ ಗಂಟಲಿಗೂ ಹೊಂದಿಕೆಯಾಗುವವರೆಗೆ ನಮಗೆ ಕಾಗದವೇ ಗತಿ.

ನಿನ್ನ ಮಗಳು ಕಾವ್ಯ ದಸರಾ ರಜೆಗೆ ಕಂಪ್ಲಿಗೆ ಬಂದವಳು ಅತ್ತಳು, "ಯಮುನಾ ಕಾಕು ಮನೆಗೆ ಇನ್ನು ಹೋಗೋದಿಲ್ಲ" ಅಂದಳು, ಏನು ನಡೆಯಿತು ಎಂದು ಕೇಳಿದ್ದೀ. ಅವಳ ತಪ್ಪು ಎಳ್ಳಷ್ಟೂ ಇಲ್ಲ. ಆದರೆ ಅದನ್ನು ಹೇಳಬೇಕಾದರೆ ಕೊರಿಯಾದಿಂದಲೇ ಶುರು ಮಾಡಬೇಕು.

ನನ್ನ ಅಕ್ಕನ ಮಗ ಭಾರ್ಗವ ಹಂಪಿಯಲ್ಲಿ ಗೆಸ್ಟ್ ಹೌಸ್ ಇಟ್ಟಿದ್ದಾನಲ್ಲ, ಅಲ್ಲಿಗೆ ಬಂದ ಒಂದು ಕೊರಿಯಾದ ಹುಡುಗಿಗೆ ಹೊಟ್ಟೆ ಕೆಟ್ಟಿತು. ಏನು ತಿಂದರೂ ನಿಲ್ಲುತ್ತಿರಲಿಲ್ಲ. ಭಾರ್ಗವ ಹೆದರಿ ಅವಳನ್ನು ಆಟೋದಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಇಳಿಸಿದ. ಮೆತ್ತಗಿನ ಅನ್ನ, ಮೆಣಸಿನ ಸಾರು, ಮಜ್ಜಿಗೆ ಕೊಟ್ಟೆ. ವಾರದಲ್ಲಿ ಎದ್ದು ಓಡಾಡಿದಳು. ಅವಳ ಹೆಸರು ಸುಜಿನ್ ಅಂತ. ನಮ್ಮ ಕೆಲಸದ ಜಂಬಕ್ಕ ಮಾತ್ರ ಕೊನೆಯವರೆಗೂ ಸುಜಾತಾ ಅಂತಲೇ ಕರೆದಳು, ಅವಳೂ ಓ ಅನ್ನುತ್ತಿದ್ದಳು. ಊರಿಗೆ ಹೋಗುವಾಗ ತನ್ನ ಹತ್ತಿರವಿದ್ದ ಡಿವಿಡಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಕೊಟ್ಟು ಹೋದಳು. ಕೊರಿಯಾದ ಧಾರಾವಾಹಿಗಳೇ ಹೆಚ್ಚು, ನಡುವೆ ಜಪಾನಿನವು, ಚೀನಾದವು. ಭಾರ್ಗವ ತನ್ನ ಹಳೆಯ ಪ್ಲೇಯರ್ ತಂದು ಟೀವಿಗೆ ಸಿಕ್ಕಿಸಿ ಹೋದ.

ಭಾಷೆ ತಿಳಿಯದು. ಕೆಳಗೆ ಇಂಗ್ಲಿಷಿನಲ್ಲಿ ಬರೆದು ಬರುತ್ತದೆ. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ಒಂದೊಂದೇ ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಮಾತಾಡಿದವನು ಬೇರೆ ಊರಿಗೆ ಹೋಗಿರುತ್ತಾನೆ. ಚೆನ್ನಾಗಿ ಓದಬಲ್ಲವರು ಮನೆಯಲ್ಲಿ ಒಬ್ಬರೇ, ನಮ್ಮ ಯಜಮಾನರು. ಆದರೆ ಅವರನ್ನು ಕೇಳುವುದು ಹೇಗೆ? ಮೂರು ವರ್ಷದ ಹಿಂದೆ ನಮ್ಮ ಮಗಳು ವಂದನಾಳ ಸ್ಕೂಟಿಗೆ ಅದಿರಿನ ಲಾರಿ ಬಡಿದು ಅವಳು ಹೋದ ಮೇಲೆ ಅವರು ಮಾತು ನಿಲ್ಲಿಸಿದ್ದನ್ನು ನೀನೇ ನೋಡಿದ್ದೀ. ಜಗಳವಿಲ್ಲ, ಸಿಟ್ಟಿಲ್ಲ. "ನೀರು", "ಕರೆಂಟ್ ಹೋತು", "ಹೂಂ", ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ಉಳಿದ ಹೊತ್ತು ಪೇಪರಿನ ಹಿಂದೆ.

ಹಾಗಾಗಿ ಮೊದಲ ದಿನ ನಾನೂ ಜಂಬಕ್ಕನೂ ಬರೀ ಚಿತ್ರ ನೋಡುತ್ತ ಶೇಂಗಾ ಸುಲಿಯುತ್ತಿದ್ದೆವು. ಟೀವಿಯಲ್ಲಿ ಒಬ್ಬ ಹುಡುಗ ಮಂಜಿನಲ್ಲಿ ನಿಂತು ಏನೋ ಅಂದ. ಆಗ ಪೇಪರಿನ ಹಿಂದಿನಿಂದ, ಡ್ಯಾಂ ಆಫೀಸಿನಲ್ಲಿ ಸುತ್ತೋಲೆ ಓದುತ್ತಿದ್ದರಲ್ಲ, ಅದೇ ದನಿಯಲ್ಲಿ, "ಮೊದಲನೇ ದಿನದಿಂದ ನಿನ್ನ ಮ್ಯಾಲೆ ನನಗ ಭಾಳ ಪ್ರೀತಿ ಅದ" ಎಂದು ಕೇಳಿಸಿತು.

ನನ್ನ ಮಡಿಲಿನ ಶೇಂಗಾಕಾಳೆಲ್ಲ ನೆಲದ ಪಾಲು. ಜಂಬಕ್ಕ ಬಾಯಿಗೆ ಸೆರಗು ಇಟ್ಟುಕೊಂಡು, "ಅಯ್ಯ, ಅಮ್ಮಾರ, ರಾಯ್ರು ನಿಮಗ ಅಂದ್ರೋ, ಟೀವ್ಯಾಗಿನ ಅಕಿಗೋ?" ಅಂದಳು.

"ಅಂವ ಅಂದದ್ದು," ಎಂದು ಪೇಪರ್ ಮಡಚಿಟ್ಟರು. ಅವತ್ತಿನಿಂದ ಊಟವಾದ ಮೇಲೆ ಅವರು ಕುರ್ಚಿ ಎಳೆದುಕೊಂಡು ಟೀವಿಯ ಪಕ್ಕ ಕೂರುವುದು, ಓದಿ ಹೇಳುವುದು ಅಭ್ಯಾಸವಾಯಿತು. ಪಕ್ಕದ ಮನೆಯ ಭೀಮಮ್ಮನಿಗೂ ಸುದ್ದಿ ಮುಟ್ಟಿತು. ಅವಳ ಗಂಡ ಕೊಟ್ರಬಸಪ್ಪ ಹೊಲವನ್ನು ಮೈನ್ಸ್‌ನವರಿಗೆ ಕೊಟ್ಟು ಲಾರಿ ತೆಗೆದುಕೊಂಡ ಮೇಲೆ ಅವರ ಮನೆಯಲ್ಲಿ ಗೋಡೆಯಗಲದ ಟೀವಿ ಇದೆ. ಆದರೂ ನಮ್ಮ ಸಣ್ಣ ಟೀವಿಯ ಮುಂದೆಯೇ ಬಂದು ಕೂತಳು. "ನಮ್ಮ ಮನ್ಯಾಗ ಟೀವಿ ಐತಿ, ಓದಾಕ ರಾಯ್ರಿಲ್ಲ. ದಿನಾ ಒಂದೆರಡು ತಾಸು ರಾಯ್ರನ್ನ ನಮ್ಮ ಕಡೆ ಕಳಸ್ರಲ್ಲ," ಎಂದು ನನ್ನನ್ನೇ ಕೇಳಿದಳು! ಕೊಡುವುದಿಲ್ಲವೆಂದೆ.

ಈಗ ನನ್ನ ಅಭಿಪ್ರಾಯ ಕೇಳು. ಕೊರಿಯಾದಲ್ಲಿ ಬೇಸಿಗೆಯೇ ಇಲ್ಲ. ಬಡ ಹುಡುಗಿ ಮೂರು ಕಡೆ ಕೆಲಸ ಮಾಡುತ್ತಾಳೆ, ಆದರೆ ದಿನಕ್ಕೊಂದು ಹೊಸ ಕೋಟು. ಶ್ರೀಮಂತ ಹುಡುಗನಿಗೆ ಕೆಲಸವೇ ಇಲ್ಲ, ಅವನಿಗೂ ದಿನಕ್ಕೊಂದು ಕೋಟು. ಯಾವ ಶ್ರೀಮಂತ ಕಾಣಿಸಿಕೊಂಡರೂ ಭೀಮಮ್ಮ, "ಇವಂದು ಯಾವ ಮೈನ್ಸು?" ಎಂದು ಕೇಳುತ್ತಾಳೆ. ಹುಡುಗಿ ಕುಡಿದು ಬಿದ್ದರೆ ಹುಡುಗ ಅವಳನ್ನು ಕೂಸುಮರಿ ಹೊತ್ತುಕೊಂಡು ಮನೆಗೆ ಬಿಡಬೇಕು, ಇದು ಅಲ್ಲಿಯ ಪದ್ಧತಿ. ಜಂಬಕ್ಕನಿಗೆ ಅದು ಸರಿಬರಲಿಲ್ಲ. "ನನ್ನ ಗಂಡನ್ನ ನಾನು ಬಸ್‌ಸ್ಟ್ಯಾಂಡಿನಿಂದ ಎಷ್ಟ್ ಸಲ ಹೊತ್ಕೊಂಡು ಬಂದೀನಿ, ಹಿಂದ ಯಾರೂ ಹಾಡು ಹಚ್ಚಲಿಲ್ಲ," ಅಂದಳು.

ಅರಮನೆಯ ಕಥೆಗಳಲ್ಲಿ ಗಂಡಸರಿಗೆ ಸೊಳ್ಳೆಪರದೆಯಲ್ಲಿ ಹೊಲಿದಂಥ ಕರಿ ಟೋಪಿ. ಬಾಗಿಲೆಲ್ಲ ಕಾಗದದ್ದು. ಆ ಕಾಗದದ ಬಾಗಿಲ ಹಿಂದೆ ಕೂತು ರಾಣಿಯರು ಗುಟ್ಟು ಮಾತಾಡುತ್ತಾರೆ, ಆಮೇಲೆ ಗುಟ್ಟು ಹೇಗೆ ಹೊರಬಿತ್ತು ಎಂದು ಹುಡುಕುತ್ತಾರೆ. ನಮ್ಮ ಹಂಪಿಯ ರಾಣಿವಾಸದ ಗೋಡೆ ತೋರಿಸಿ ಬುದ್ಧಿ ಹೇಳಬೇಕು ಇವರಿಗೆ. ಚೀನಾದವರು ಕತ್ತಿ ಹಿಡಿದು ಮನೆಯ ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾರೆ. ಹೊರಗೆ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ನಮ್ಮ ಕಿಟಕಿ ಗಡಗಡ ಅನ್ನುವುದರಿಂದ ಯುದ್ಧಕ್ಕೆ ಒಳ್ಳೆಯ ಕಳೆ ಬರುತ್ತದೆ. "ನಮ್ಮ ಸೊಂಡೂರು ಗುಡ್ಡದ ಕಬ್ಬಿಣದ ಮಣ್ಣೆಲ್ಲ ಇವರಿಗೇ ಹೊಂಟೈತಿ, ಕತ್ತಿಗೇನು ಕಡಿಮಿ?" ಎಂದು ಭೀಮಮ್ಮ ಅಭಿಮಾನದಿಂದಲೇ ಹೇಳಿದಳು. ಜಪಾನಿನವರು ಬಲು ಸಭ್ಯರು. ಒಬ್ಬ ಗಂಡಸು, ಒಬ್ಬ ಹೆಂಗಸು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ರೈಲು ನೋಡುತ್ತಾರೆ. ರೈಲು ಹೋಗುತ್ತದೆ. ಇನ್ನೊಂದು ಬರುತ್ತದೆ. ನಮ್ಮವರಿಗೆ ಓದಲು ಕೆಲಸವೇ ಇಲ್ಲ. ಅವರಿಗೆ ಅದೇ ಎಲ್ಲಕ್ಕಿಂತ ಇಷ್ಟವಾಯಿತು.

ಆದರೆ ಕೊರಿಯಾದ ಕೆಲವು ಪದ್ಧತಿಗಳು ಎಷ್ಟು ಚರ್ಚಿಸಿದರೂ ನಮಗೆ ಬಗೆಹರಿಯಲಿಲ್ಲ. ಹುಡುಗನ ತಾಯಿ ಬಡ ಹುಡುಗಿಯನ್ನು ಹೋಟೆಲಿಗೆ ಕರೆಸಿ, ಹಲ್ಲು ಕಡಿಯುತ್ತ ಏನೋ ಹೇಳಿ, ಲೋಟದ ನೀರನ್ನು ಅವಳ ಮುಖಕ್ಕೆ ಎರಚಿದಳು. ನಮ್ಮವರು ಓದಿದರು: "ಊಟ ಮಾಡಿಕೊಂಡು ಹೋಗವಾ ಅಂತಾಳ." ಹುಡುಗಿ ಬಿಕ್ಕಿಬಿಕ್ಕಿ ಅತ್ತಳು.

"ಉಣ್ಣು ಅಂದ್ರ ಯಾಕ ಅಳಬೇಕ್ರೀ?" ಅಂದಳು ಜಂಬಕ್ಕ.

ಭೀಮಮ್ಮ ಬಹಳ ಹೊತ್ತು ಯೋಚಿಸಿ, "ಅವ್ರ ದೇಶದಾಗ ಊಟಕ್ಕ ಕರೆಯೋದು ಅವಮಾನ ಇರಬೇಕು," ಎಂದು ತೀರ್ಮಾನ ಕೊಟ್ಟಳು.

ಇನ್ನೊಂದರಲ್ಲಿ ಮುದಿ ರಾಜನಿಗೆ ತಲೆಯವರೆಗೆ ಬಿಳಿ ಬಟ್ಟೆ ಹೊದಿಸಿದ್ದಾರೆ, ಸುತ್ತ ನೂರಾರು ಜನ ಎದೆ ಬಡಿದುಕೊಳ್ಳುತ್ತಿದ್ದಾರೆ. "ರಾಜಗ ನಿದ್ದಿ ಹತ್ತ್ಯದ, ಎಬ್ಬಸಬ್ಯಾಡ್ರಿ ಅಂತ ಹೇಳ್ಲಿಕ್ಕೆ ಹತ್ತ್ಯಾರ," ಎಂದರು ನಮ್ಮವರು.

ನನಗೆ ತಿಳಿಯಲಿಲ್ಲವೆಂದುಕೊಳ್ಳಬೇಡ ಗಂಗಾ. ಕಣ್ಣಿದ್ದವರಿಗೆ ಯಾರಿಗಾದರೂ ತಿಳಿಯುತ್ತದೆ. ಇವರ ಕೊರಿಯಾದಲ್ಲಿ ಯಾರೂ ಯಾರಿಗೂ ಬಿರುಸಾಗಿ ಮಾತಾಡುತ್ತಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ. ನಾನು ಬಾಯಿಬಿಡಲಿಲ್ಲ. ದಿನಕ್ಕೆ ಎರಡು ತಾಸು ಅವರ ದನಿ ಮನೆಯಲ್ಲಿ ಕೇಳುತ್ತಿತ್ತಲ್ಲ, ಅದು ಸಾಕಾಗಿತ್ತು. ಧಾರಾವಾಹಿ ಮುಗಿದ ಮೇಲೂ ಒಂದೆರಡು ಮಾತು ಹೊರಬೀಳಲು ಶುರುವಾಗಿತ್ತು. ಒಂದು ದಿನ ಬದನೆಕಾಯಿ ಪಲ್ಯ ಚೆನ್ನಾಗಿದೆ ಅಂದರು!

ಅಷ್ಟರಲ್ಲಿ ಇಲ್ಲಿಯ ತನ್ನ ಬ್ಯಾಂಕಿಗೆ ರಜೆಯಿದ್ದ ದಿನ ನಿನ್ನ ಕಾವ್ಯ ಬಂದಳು. ಆಗ ನಾವು ನೋಡುತ್ತಿದ್ದುದು ಒಂದು ಹೂವಿನ ಅಂಗಡಿ ಹುಡುಗಿಯ ಕಥೆ. ಅವಳಿಗೆ ಮೂಗಿನಿಂದ ರಕ್ತ ಬರುತ್ತಿತ್ತು. ಡಾಕ್ಟರು ಗಂಭೀರವಾಗಿ ಏನೋ ಹೇಳಿದರು. "ಶಕ್ತಿ ಕಡಿಮಿ ಆಗ್ಯದ, ಟಾನಿಕ್ ಬರದುಕೊಟ್ಟೀನಿ ಅಂತಾರ," ಎಂದು ನಮ್ಮವರು ಓದಿದರು.

ಕಾವ್ಯ ಕಿಲಕಿಲ ನಕ್ಕಳು. "ಕಾಕಾ, ಹಂಗೆಲ್ಲೈತಿ? ಅಕಿಗೆ ಬ್ಲಡ್ ಕ್ಯಾನ್ಸರ್. ಇನ್ನ ಭಾಳ ದಿನ ಇಲ್ಲ ಅನ್ನಾಕತ್ಯಾರ!" ಅವಳಿಗದು ತಮಾಷೆ. ಹಿಂದಿನದನ್ನೂ ತಿರುಗಿಸಿ ಹಾಕಿ, "ಇಲ್ನೋಡ್ರಿ, ಇದೂ ಸುಳ್ಳು, ಇದೂ ಸುಳ್ಳು! ಕಾಕಾ, ನೀವು ಬ್ಯಾರೇನೇ ಕಥಿ ಬರದೀರಿ," ಎಂದು ನಗುತ್ತಲೇ ಇದ್ದಳು. ನಮ್ಮವರು ಎದ್ದು, ಕುರ್ಚಿಯನ್ನು ಮೊದಲಿದ್ದ ಜಾಗದಲ್ಲಿಟ್ಟು, ಪಡಸಾಲೆಗೆ ಹೋಗಿ ಪೇಪರ್ ಬಿಡಿಸಿಕೊಂಡರು. ಆಗ ಕಾವ್ಯಳ ಮುಖ ಸಣ್ಣದಾಯಿತು. ಹೋಗಿ "ಸಾರಿ ಕಾಕಾ" ಅಂದಳು. "ಹೂಂ" ಅಂದರು. ವಂದನಾ, ಕಾವ್ಯ ಲಂಗ ಹಾಕುತ್ತಿದ್ದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಅವಳಿಗೆ ಎಲ್ಲವೂ ಒಮ್ಮೆಲೇ ಹೊಳೆದಿರಬೇಕು. ಅಳುತ್ತ ಹೋದಳು.

ಹಾಗಂತ ಅಷ್ಟಕ್ಕೇ ಬಿಡಲಿಲ್ಲ, ಮರುದಿನ ಮತ್ತೆ ಬಂದು ತಾನೇ ಓದಿ ಹೇಳುತ್ತೇನೆಂದು ಕೂತಳು. ಪಾಪ, ಒಂದಕ್ಷರ ಬಿಡದೆ ಓದಿದಳು. ಸ್ವಲ್ಪ ಹೊತ್ತಿಗೆ ಜಂಬಕ್ಕ ಪೊರಕೆ ಹಿಡಿದು ಎದ್ದಳು. "ರಾಯ್ರು ಓದಿದ್ರ ಎಲ್ಲಾರು ಬದುಕಿದ್ರು. ಈ ಅಕ್ಕ ಬಾಯಿ ತೆರೆದ್ರ ಸಾಕು, ಒಬ್ಬೊಬ್ರ ಸಾಯಾಕತ್ಯಾರ," ಅಂದಳು. ಮೊದಲೇ ನೊಂದಿದ್ದ ಹುಡುಗಿಗೆ ಇದೊಂದು ಬಾಕಿಯಿತ್ತು! ಸಂಜೆಯೇ ಕಂಪ್ಲಿಯ ಬಸ್ಸು ಹತ್ತಿದಳು.

ಮನೆ ಮತ್ತೆ ಮೊದಲಿನಂತಾಯಿತು. ನೀರು, ಕರೆಂಟ್ ಹೋತು, ಹೂಂ. ನವರಾತ್ರಿಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಪೇಪರನ್ನು ಕೈಯಿಂದ ಕೆಳಗೆ ಒತ್ತಿ ಹೇಳಿದೆ: "ಆ ಹೂವಿನ ಅಂಗಡಿ ಹುಡುಗಿದು ಇನ್ನೊಂದ ಭಾಗ ಉಳದದ. ನೀವ ಓದ್ರಿ. ಹೆಂಗ ಬೇಕೋ ಹಂಗ ಓದ್ರಿ. ನನಗ ಖರೇ ಕಥಿ ಬ್ಯಾಡ, ನೀವು ಓದಿದ್ದು ಬೇಕು."

ಅವರು ನನ್ನ ಮುಖ ನೋಡಿದರು. ಮರುದಿನ ಊಟವಾದ ಮೇಲೆ ಕುರ್ಚಿ ಎಳೆದ ಸದ್ದು ಕೇಳಿ ಭೀಮಮ್ಮ ಅರ್ಧ ಹೆಣೆದ ಜಡೆಯಲ್ಲೇ ಓಡಿ ಬಂದಳು. ಕೊನೆಯ ಭಾಗ ನೋಡಿದೆವು. ಚೆನ್ನಾಗಿತ್ತು.

ಹೀಗೆ ನಡೆಯಿತು. ಆದ್ದರಿಂದ ಕಾವ್ಯಳಿಗೆ ಬೈಯಬೇಡ, ತಲೆ ಸವರಿ ಕಳಿಸು. ಅವಳಿಗೆ ನನ್ನ ಆಶೀರ್ವಾದ ಹೇಳು. ನಿಮ್ಮ ಮಿಲ್ಲಿನ ಸೋನಾ ಮಸೂರಿಯ ಹಾಗೆ ನಿಮ್ಮ ಮನೆಯೂ ಘಮಘಮಿಸುತ್ತಿರಲಿ. ಕವರಿನೊಳಗೆ ಬನ್ನಿ ಎಲೆ ಇಟ್ಟಿದ್ದೇನೆ, ಎತ್ತಿಟ್ಟುಕೊ.

ನಿನ್ನ
ಯಮುನಾ

ವಿ.ಸೂ.: ಹೆಸರು ಹಾಕಿ ಮುಗಿಸಿದ್ದೆ. ಆದರೆ "ಚೆನ್ನಾಗಿತ್ತು" ಎಂದು ಬರೆದದ್ದು ಕಣ್ಣಿಗೆ ಚುಚ್ಚುತ್ತಿದೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಕೊನೆಯಲ್ಲಿ ಆ ಹೂವಿನ ಅಂಗಡಿ ಹುಡುಗಿಯನ್ನು ಪ್ರೀತಿಸಿದ ಹುಡುಗ ಒಬ್ಬನೇ ಸಮುದ್ರದ ದಂಡೆಯಲ್ಲಿ ನಿಂತು, ಪೆಟ್ಟಿಗೆಯಿಂದ ಬೂದಿ ತೆಗೆದು ಗಾಳಿಗೆ ಬಿಡುತ್ತಾನೆ. ಭೀಮಮ್ಮನೇ ನಮ್ಮವರ ಸಹಾಯಕ್ಕೆ ಬಂದಳು. "ಮೀನಿಗೆ ಹಿಟ್ಟು ಹಾಕಾಕತ್ಯಾನ, ಅಲ್ರೀ ರಾಯ್ರ?" ಜಂಬಕ್ಕ, "ಹೌದೌದು, ಅಲ್ಲಿ ಮೀನು ಭಾಳ," ಅಂದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಟೀವಿಯಲ್ಲಿ ಆಗ ಮಾತಿರಲಿಲ್ಲ, ಕೆಳಗೆ ಒಂದು ಸಾಲೂ ಇರಲಿಲ್ಲ. ಆದರೂ ಓದುವ ಹಾಗೆ ಅದನ್ನೇ ನೋಡುತ್ತ, "ವಂದನಾ ಹೋದ್ಲು," ಅಂದರು.

ಮೂರು ವರ್ಷದಲ್ಲಿ ಆ ಹೆಸರು ಅವರ ಬಾಯಿಂದ ಬಂದಿರಲಿಲ್ಲ. ಭೀಮಮ್ಮ, ಜಂಬಕ್ಕ ಸದ್ದಿಲ್ಲದೆ ಎದ್ದು ಹೋದರು.

ಆಮೇಲೆ ಕೇಳಿದರು, "ಅವತ್ತು ಆಸ್ಪತ್ರ್ಯಾಗ ಅಕಿ ನನ್ನ ದಾರಿ ನೋಡಿದ್ಲಾ?" ಅವತ್ತು ಬಳ್ಳಾರಿಯಿಂದ ಬರುತ್ತಿದ್ದವರು ಪಾಪಿನಾಯಕನಹಳ್ಳಿಯ ಹತ್ತಿರ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದರು. ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗಳು ಬಾಗಿಲ ಕಡೆಗೇ ನೋಡುತ್ತಿದ್ದಳೇನೋ ಎನ್ನುವುದನ್ನು ಇಷ್ಟು ದಿನ ಒಬ್ಬರೇ ನುಂಗಿಕೊಂಡಿದ್ದರು. ಅವರು ಕೇಳಲಿಲ್ಲ, ತಾಳಲಾರರೆಂದು ನಾನೂ ಹೇಳಿರಲಿಲ್ಲ.

"ಇಲ್ಲ," ಅಂದೆ. "'ಅಪ್ಪಗ ಈಗ್ಲೇ ಹೇಳಬ್ಯಾಡ, ಗಾಬರಿ ಆಗ್ತಾರ. ಅವ್ರು ಬರೋದ್ರಾಗ ನಾ ಎದ್ದು ಕೂಡ್ತೀನಿ' ಅಂದ್ಲು. ಆಮ್ಯಾಲೆ ನಿದ್ದಿ ಬಂದ್ಹಂಗ ಕಣ್ಣು ಮುಚ್ಚಿದ್ಲು."

"ಖರೇನ ಹಂಗಂದ್ಲಾ? ಇಲ್ಲಾ ನನ್ನ ಹಂಗ ನೀನೂ ಓದ್ಲಿಕ್ಕೆ ಹತ್ತೀಯೋ?"

"ಖರೇ. ದೇವರಾಣಿ."

ಇಬ್ಬರೂ ಬಾಯಿಬಿಟ್ಟು ಅತ್ತೆವು ಗಂಗಾ, ಅಕ್ಕಪಕ್ಕದವರಿಗೆ ಕೇಳಿದರೆ ಕೇಳಲಿ ಎಂದು. ಆಮೇಲೆ ಅವರೇ ಹೋಗಿ ಚಹಾ ಮಾಡಿ ತಂದರು, ಸಕ್ಕರೆಯಿಲ್ಲದೆ. ದೀಪ ಹಚ್ಚುವ ಹೊತ್ತಿನವರೆಗೂ ಅವಳ ಮಾತೇ. ಸಣ್ಣವರಿದ್ದಾಗ ವಂದನಾ ಇವರ ಆಫೀಸಿನ ಛತ್ರಿಯನ್ನು ಬೋರಲು ಹಾಕಿ, ತೆಪ್ಪ ಎಂದು ನಿನ್ನ ಕಾವ್ಯಳನ್ನು ಅದರಲ್ಲಿ ಕೂರಿಸಿ ಕಾಲುವೆಗೆ ತಳ್ಳಲು ಹೊರಟಿದ್ದಳಲ್ಲ, ಅದನ್ನು ನೆನೆದು ಇವರಿಗೆ ನಗು ಬಂತು. ಆ ಛತ್ರಿ ಕೊನೆಗೆ ಎಲ್ಲಿ ಹೋಯಿತು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿಲ್ಲ. ಕಾವ್ಯಳಿಗೆ ಗೊತ್ತಿರುತ್ತದಂತೆ. ಬೆಳಗಿನಿಂದ ಎರಡು ಸಲ ಕೇಳಿದರು, ಅವಳು ಯಾವಾಗ ಬರುತ್ತಾಳೆ ಎಂದು.